ಗೋಲು ಬಾರದ ಇಬ್ಬರು, ಗದ್ದಲವೆದ್ದ ಎರಡು ಊರು

2012ರ ಜೂನ್ ಮೊದಲ ವಾರ. ಅಮೆರಿಕದ ಎರಡು ತುದಿಗಳಲ್ಲಿರುವ ಎರಡು ಫುಟ್‌ಬಾಲ್ ತಂಡಗಳು ತಮ್ಮ ಸ್ಟ್ರೈಕರ್‌ಗಳನ್ನು ಅದಲುಬದಲು ಮಾಡಿಕೊಂಡವು. ಫಿಲಡೆಲ್ಫಿಯಾ ಯೂನಿಯನ್‌ನ ಡ್ಯಾನಿ ಮ್ವಾಂಗಾ ಪೋರ್ಟ್‌ಲ್ಯಾಂಡ್‌ಗೆ ಹೋದರು. ಪೋರ್ಟ್‌ಲ್ಯಾಂಡ್ ಟಿಂಬರ್ಸ್‌ನಲ್ಲಿದ್ದ ಕೊಲಂಬಿಯಾದ ಹೋರ್ಹೆ ಪೆರ್ಲಾಸಾ ಫಿಲಡೆಲ್ಫಿಯಾಕ್ಕೆ ಬಂದರು. ಆ ಋತುವಿನಲ್ಲಿ ಇಬ್ಬರೂ ಗೋಲಿಗಾಗಿ ಪರದಾಡುತ್ತಿದ್ದವರೇ. ಹಾಗಿದ್ದರೂ ಎರಡೂ ಊರುಗಳ ಅಭಿಮಾನಿಗಳಿಗೆ ಇದು ಜಗಳಕ್ಕೆ ಸಾಕಷ್ಟಾಯಿತು. ನಾವು ಕೊಟ್ಟದ್ದು ಹೆಚ್ಚೋ, ಪಡೆದದ್ದು ಹೆಚ್ಚೋ?

ಫಿಲಡೆಲ್ಫಿಯಾದವರ ಸಂಕಟಕ್ಕೆ ಆಧಾರವಿತ್ತು. ಕಾಂಗೋದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಮ್ವಾಂಗಾ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ‘ಡ್ರಾಫ್ಟ್’ನಲ್ಲಿ 2010ರಲ್ಲಿ ಇಡೀ ದೇಶದಲ್ಲಿ ಮೊದಲಿಗರಾಗಿ ಆಯ್ಕೆಯಾದ ಹುಡುಗ. ಆಗ ವಯಸ್ಸು 18. ಮೊದಲ ವರ್ಷ 7 ಗೋಲು, ಎರಡನೇ ವರ್ಷ 5. ಮೂರನೇ ವರ್ಷ ಚೆಂಡು ಬಲೆ ಸೇರಲೊಲ್ಲದು. 21 ತುಂಬುವ ಮೊದಲೇ ಅವರನ್ನು ಸಾಗಹಾಕಲಾಯಿತು. ಅದೇ ವರ್ಷದ ಜನವರಿಯಲ್ಲಿ ತಂಡವು ಅಭಿಮಾನಿಗಳ ಅಚ್ಚುಮೆಚ್ಚಿನ ಸೆಬಾಸ್ಟಿಯನ್ ಲ ಟೂ ಅವರನ್ನು ವ್ಯಾಂಕೂವರ್‌ಗೆ ಬಿಟ್ಟುಕೊಟ್ಟಿತ್ತು. ಹಿಂದಿನ ಎರಡು ವರ್ಷಗಳಲ್ಲಿ 14 ಮತ್ತು 11 ಗೋಲು ಹೊಡೆದಿದ್ದ ಆಟಗಾರ ಅವರು. ಆ ಗಾಯ ಮಾಯುವ ಮುನ್ನ ಇನ್ನೊಂದು ಪೆಟ್ಟು.

ಈ ಊರಿನ ಅಭಿಮಾನಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಂಜಮಿನ್ ಫ್ರಾಂಕ್ಲಿನ್ ಹೆಸರಿಟ್ಟುಕೊಂಡ ‘ಸನ್ಸ್ ಆಫ್ ಬೆನ್’ ಬಳಗ ಹುಟ್ಟಿದ್ದು 2007ರಲ್ಲಿ. ಆಗ ಊರಿಗೆ ತಂಡವೇ ಇರಲಿಲ್ಲ. ಇಲ್ಲದ ತಂಡಕ್ಕೆ ಹಾಡು ಕಟ್ಟಿ, ಬಾವುಟ ಬೀಸಿ, ‘ನಮಗೊಂದು ತಂಡ ಕೊಡಿ’ ಎಂದು ಪಟ್ಟುಹಿಡಿದವರು. ಯೂನಿಯನ್ ಕಣಕ್ಕಿಳಿದದ್ದು 2010ರಲ್ಲಿ. ಹೀಗೆ ಹೋರಾಡಿ ಪಡೆದ ತಂಡ ತನ್ನ ಮೊದಲ ಕೂಸನ್ನೇ ಬಿಟ್ಟುಕೊಟ್ಟಾಗ ಅವರು ಲೆಕ್ಕಪತ್ರ ಕೇಳದೆ ಇರುತ್ತಾರೆಯೇ?

ಪೋರ್ಟ್‌ಲ್ಯಾಂಡ್‌ನ ಕಥೆ ಇನ್ನೂ ಬಿಸಿ. ಮೇ 30ರಂದು ಯು.ಎಸ್. ಓಪನ್ ಕಪ್ ಪಂದ್ಯದಲ್ಲಿ ತಂಡವು ಹವ್ಯಾಸಿ ಆಟಗಾರರ ‘ಕ್ಯಾಲ್ ಎಫ್‌ಸಿ’ ಎದುರು ಸ್ವಂತ ಮೈದಾನದಲ್ಲೇ 0–1ರಿಂದ ಸೋತಿತ್ತು. ಸ್ಕಾಟ್ಲೆಂಡ್‌ನ ಗೋಲುಗಾರ ಕ್ರಿಸ್ ಬಾಯ್ಡ್ ಆ ದಿನ ಪೆನಾಲ್ಟಿಯನ್ನೂ ತಪ್ಪಿಸಿದ್ದರು. ಅದಾದ ಸುಮಾರು ಒಂದು ವಾರಕ್ಕೆ ಈ ವಿನಿಮಯ.

ನಮ್ಮ ಓದುಗರಿಗೆ ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಯುರೋಪಿನ ಫುಟ್‌ಬಾಲ್‌ನಲ್ಲಿ ಆಟಗಾರರನ್ನು ಸಾಮಾನ್ಯವಾಗಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಆಟಗಾರ ಒಪ್ಪದಿದ್ದರೆ ವ್ಯವಹಾರ ಮುರಿದುಬೀಳುತ್ತದೆ. ಅಮೆರಿಕದ ಮೇಜರ್ ಲೀಗ್ ಸಾಕರ್‌ನಲ್ಲಿ ಆಟಗಾರನ ಒಪ್ಪಂದ ಇರುವುದು ಲೀಗ್ ಜೊತೆಗೆ, ಕ್ಲಬ್ ಜೊತೆಗಲ್ಲ. ಸಂಬಳಕ್ಕೆ ಮಿತಿಯಿದೆ. ಹೀಗಾಗಿ ಬಹುತೇಕ ಆಟಗಾರರನ್ನು ಅವರ ಇಚ್ಛೆ ಕೇಳದೆಯೇ ಇನ್ನೊಂದು ಊರಿಗೆ ಕಳಿಸಬಹುದು. 2023ರ ನವೆಂಬರ್‌ನಲ್ಲಿ ಕ್ಯಾಮರೂನ್ ಗ್ರೀನ್ ಮುಂಬೈ ಇಂಡಿಯನ್ಸ್‌ನಿಂದ ಆರ್‌ಸಿಬಿಗೆ ಬಂದಾಗ ಐಪಿಎಲ್‌ನ ಈ ‘ಟ್ರೇಡ್’ ಬಗ್ಗೆ ಬೆಂಗಳೂರಿನವರು ವಾರಗಟ್ಟಲೆ ಮಾತಾಡಿದ್ದು ನೆನಪಿರಬಹುದು. ಸಂಬಳದ ಮಿತಿಯ ಒಳಗೇ ಎಲ್ಲವೂ ನಡೆಯಬೇಕಾದ್ದರಿಂದ, ಅಮೆರಿಕದ ಅಭಿಮಾನಿ ಆಟದ ಜೊತೆಗೆ ಲೆಕ್ಕಾಚಾರವನ್ನೂ ಕಲಿತಿರುತ್ತಾನೆ.

ಅಭಿಮಾನಿಗಳ ವಾದ ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತದೆ. ವಯಸ್ಸು ನೋಡಿ ‘ಹುಡುಗ, ಕಾಯಬೇಕಿತ್ತು’ ಎನ್ನುವವರು ಕೆಲವರು. ಅಂಕಿ ನೋಡಿ ‘ಗೋಲಿಲ್ಲ, ಹೋಗಲಿ’ ಎನ್ನುವವರು ಬಹಳ. ಮೂರನೆಯವರ ದನಿ ಯಾವಾಗಲೂ ಸಣ್ಣದು: ‘ಅವನಿಗೆ ಚೆಂಡು ಕೊಡುತ್ತಿರುವವರು ಯಾರು?’ ನಾನು ಈ ಮೂರನೆಯವರ ಪಕ್ಷ. ಸ್ಟ್ರೈಕರ್‌ನ ಬರ ಹತ್ತಕ್ಕೆ ಒಂಬತ್ತು ಸಲ ತಂಡದ ಬರ. ಅಂಥಲ್ಲಿ ಆಟಗಾರರನ್ನು ಬದಲಿಸುವುದು ನೀರಿಲ್ಲದ ಗದ್ದೆಗೆ ಬೀಜ ಬದಲಿಸಿದ ಹಾಗೆ.

ಬರ ಎನ್ನುವುದನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ವೃತ್ತಿಪರ ಫುಟ್‌ಬಾಲ್‌ನಲ್ಲಿ ಸರಿಸುಮಾರು ಹತ್ತು ಹೊಡೆತಕ್ಕೆ ಒಂದು ಗೋಲಾಗುತ್ತದೆ. ಪಂದ್ಯಕ್ಕೆ ಮೂರು ಬಾರಿ ಗುರಿಯಿಡುವ ಆಟಗಾರ ಐದು ಪಂದ್ಯಗಳಲ್ಲಿ 15 ಹೊಡೆತ ಹೊಡೆದ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಒಂದೂ ಗೋಲಾಗದಿರುವ ಸಾಧ್ಯತೆ ನೂರಕ್ಕೆ ಸುಮಾರು 20. ಆತನ ಕಾಲು ಕೆಡಬೇಕಿಲ್ಲ, ಮನಸ್ಸು ಕುಗ್ಗಬೇಕಿಲ್ಲ. ಐವರಲ್ಲಿ ಒಬ್ಬನಿಗೆ ಹೀಗೆ ಆಗಿಯೇ ತೀರುತ್ತದೆ. ಆದರೆ ಪಂದ್ಯಕ್ಕೆ ಮೂರು ಹೊಡೆತ ಸಿಗಬೇಕಾದವನಿಗೆ ಒಂದೇ ಸಿಗುತ್ತಿದ್ದರೆ, ತಪ್ಪು ಹುಡುಕಬೇಕಾದ್ದು ಮಿಡ್‌ಫೀಲ್ಡ್‌ನಲ್ಲಿ, ಅಂಚಿನಿಂದ ಬರುವ ಕ್ರಾಸ್‌ಗಳಲ್ಲಿ, ಕೋಚ್‌ನ ಯೋಜನೆಯಲ್ಲಿ.

2012ರ ಆ ವಿನಿಮಯದ ಫಲ ಏನಾಯಿತು ನೋಡಿ. ಜೂನ್ 13ಕ್ಕೆ ಫಿಲಡೆಲ್ಫಿಯಾ ತನ್ನ ಕೋಚ್ ಪೀಟರ್ ನೋವಾಕ್ ಅವರನ್ನು ಕೈಬಿಟ್ಟಿತು. ಜುಲೈ 9ಕ್ಕೆ ಪೋರ್ಟ್‌ಲ್ಯಾಂಡ್ ಕೋಚ್ ಜಾನ್ ಸ್ಪೆನ್ಸರ್ ಮನೆಗೆ ಹೋದರು. ಪೆರ್ಲಾಸಾ ಫಿಲಡೆಲ್ಫಿಯಾದಲ್ಲಿ ನೆಲೆ ನಿಲ್ಲಲಿಲ್ಲ. ಮ್ವಾಂಗಾ ಮರುವರ್ಷ ಕೊಲರಾಡೊಗೆ ಮೂಟೆ ಕಟ್ಟಿದರು.

ಇಷ್ಟಾದ ಮೇಲೂ ಪಾಠ ಕಲಿತರೇ? 2014ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾ ಅದೇ ಆಟವನ್ನು ಮತ್ತೆ ಆಡಿತು. ಈ ಸಲ ಬಿಟ್ಟುಕೊಟ್ಟದ್ದು ಜ್ಯಾಕ್ ಮ್ಯಾಕಿನರ್ನಿಯನ್ನು. 2010ರ ಅದೇ ಡ್ರಾಫ್ಟ್‌ನಲ್ಲಿ 17ರ ವಯಸ್ಸಿಗೆ ಆಯ್ಕೆಯಾಗಿ, 2013ರಲ್ಲಿ ಲೀಗ್‌ನಲ್ಲಿ 12 ಗೋಲು ಹೊಡೆದು, ಅಮೆರಿಕ ರಾಷ್ಟ್ರೀಯ ತಂಡದ ಪಟ್ಟಿಗೂ ಹೆಸರು ತಂದುಕೊಂಡ ಹುಡುಗ ಅವರು. ಆ 12ರಲ್ಲಿ ಹೆಚ್ಚಿನವು ಋತುವಿನ ಮೊದಲರ್ಧದಲ್ಲೇ ಬಂದಿದ್ದವು, ಆಮೇಲೆ ಒಣಗಿತು. ಬದಲಿಗೆ ಮಾಂಟ್ರಿಯಲ್‌ನಿಂದ ಬಂದವರು ಆಂಡ್ರ್ಯೂ ವೆಂಗರ್, 2012ರ ಡ್ರಾಫ್ಟ್‌ನ ಮೊದಲ ಆಯ್ಕೆ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರಕ್ಷಣಾ ಆಟಗಾರನಾಗಿದ್ದು, ಕೊನೆಯ ವರ್ಷ ಮುಂಪಡೆಗೆ ಬಂದು ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಪ್ರಶಸ್ತಿ ಗೆದ್ದವರು. ಮಾಂಟ್ರಿಯಲ್‌ನಲ್ಲಿ ಇಟಲಿಯ ಹಿರಿಯ ಮಾರ್ಕೊ ಡಿ ವಾಯೊ ಗೋಲಿನ ಮೇಲೆ ಗೋಲು ಬಾರಿಸುತ್ತಿದ್ದಾಗ ಈ ಹುಡುಗನಿಗೆ ಜಾಗವೆಲ್ಲಿ?

ವೆಂಗರ್ ಹುಟ್ಟಿ ಬೆಳೆದದ್ದು ಪೆನ್ಸಿಲ್ವೇನಿಯಾದಲ್ಲೇ. ‘ನಮ್ಮ ಹುಡುಗ ಮನೆಗೆ ಬಂದ’ ಎನ್ನುವ ಸಂಭ್ರಮಕ್ಕೆ ಅಷ್ಟು ಸಾಕಿತ್ತು. ಆದರೆ 12 ಗೋಲಿನ ಒಬ್ಬ 21ರ ತರುಣನನ್ನು ಕೊಟ್ಟು, ತನ್ನ ಜಾಗ ಯಾವುದೆಂದೇ ಗೊತ್ತಾಗದ 23ರ ಒಬ್ಬನನ್ನು ತರುವುದು ಜಾಣತನವೇ ಎಂದು ಕೇಳಿದವರದೂ ನ್ಯಾಯವಾದ ಪ್ರಶ್ನೆ. ಜೂನ್ 10ಕ್ಕೆ ಫಿಲಡೆಲ್ಫಿಯಾ ಕೋಚ್ ಜಾನ್ ಹ್ಯಾಕ್‌ವರ್ತ್ ಅವರನ್ನೂ ಕೈಬಿಡಲಾಯಿತು. ಮಾಂಟ್ರಿಯಲ್ ಆ ವರ್ಷ 28 ಅಂಕಗಳೊಂದಿಗೆ ಇಡೀ ಲೀಗ್‌ನ ತಳದಲ್ಲಿ ನಿಂತಿತು. ಮ್ಯಾಕಿನರ್ನಿ ಮತ್ತೆ ಯಾವ ಋತುವಿನಲ್ಲೂ 12 ಗೋಲು ಮುಟ್ಟಲಿಲ್ಲ. ವೆಂಗರ್ 2016ರಲ್ಲಿ ಹ್ಯೂಸ್ಟನ್ ಸೇರಿದರು.

ಈ ಎರಡು ವಿನಿಮಯಗಳಲ್ಲಿದ್ದ ನಾಲ್ವರು ಕೋಚ್‌ಗಳಲ್ಲಿ ಮೂವರು ಆಯಾ ಋತುವಿನಲ್ಲೇ ಕೆಲಸ ಕಳೆದುಕೊಂಡರು ಎಂಬುದು ನನಗೆ ಬಹಳ ಹೇಳುತ್ತದೆ. ಇಂಥ ವಿನಿಮಯ ಅನೇಕ ಸಲ ಸಂಕಟದಲ್ಲಿರುವ ಕೋಚ್‌ನ ಕೊನೆಯ ದಾಳ. ‘ಏನೋ ಮಾಡಿದೆವು’ ಎಂದು ತೋರಿಸಲು ಸುಲಭಕ್ಕೆ ಸಿಗುವವನು ಸ್ಟ್ರೈಕರ್. ಅವನ ವೈಫಲ್ಯ ಎಲ್ಲರ ಕಣ್ಣಿಗೂ ಕಾಣುತ್ತದಲ್ಲ. ಚೆಂಡನ್ನೇ ಮುಂದೆ ದಾಟಿಸದ ಮಿಡ್‌ಫೀಲ್ಡರ್‌ನ ವೈಫಲ್ಯ ಗೋಲಿನ ಪಟ್ಟಿಯಲ್ಲಿ ಇರುವುದಿಲ್ಲ.

ದೊಡ್ಡ ಹೆಸರುಗಳೂ ಇದಕ್ಕೆ ಹೊರತಲ್ಲ. 2018ರ ಜನವರಿಯಲ್ಲಿ ಆರ್ಸೆನಲ್‌ನ ಅಲೆಕ್ಸಿಸ್ ಸ್ಯಾಂಚೆಸ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್‌ನ ಹೆನ್ರಿಕ್ ಮಿಖಿತಾರ್ಯನ್ ಸ್ಥಾನ ಬದಲಿಸಿದರು. ಯುನೈಟೆಡ್ ಪರ 45 ಪಂದ್ಯಗಳಲ್ಲಿ ಸ್ಯಾಂಚೆಸ್ ಹೊಡೆದದ್ದು 5 ಗೋಲು. ಮಿಖಿತಾರ್ಯನ್ ಕೂಡ ಮರುವರ್ಷವೇ ರೋಮಾ ದಾರಿ ಹಿಡಿದರು. ಯಾರಿಗೆ ಲಾಭ ಎಂದು ಕಚ್ಚಾಡಿದ ಎರಡೂ ಬಣದವರು ಸೋತರು. ಆ ಇಬ್ಬರು ಮಾತ್ರ 2023–24ರಲ್ಲಿ ಇಂಟರ್ ಮಿಲಾನ್‌ನಲ್ಲಿ ಒಟ್ಟಿಗೆ ಆಡಿ ಇಟಲಿಯ ಲೀಗ್ ಗೆದ್ದರು. ಸುತ್ತಲಿನ ತಂಡ ಸರಿಯಿತ್ತು ಎನ್ನುವುದಕ್ಕಿಂತ ಬೇರೆ ವಿವರಣೆ ನನಗೆ ಕಾಣುವುದಿಲ್ಲ.

ಮತ್ತೆ ಫಿಲಡೆಲ್ಫಿಯಾಕ್ಕೆ ಮರಳೋಣ. ಹ್ಯಾಕ್‌ವರ್ತ್ ಹೋದ ಮೇಲೆ ಅಲ್ಲಿ ತಂಡದ ಹೊಣೆ ಹೊತ್ತವರು ಜಿಮ್ ಕರ್ಟಿನ್. ಆಡಳಿತ ಅವರಿಗೆ ಹತ್ತು ವರ್ಷ ಕೊಟ್ಟಿತು. ತಂಡ ತನ್ನದೇ ಅಕಾಡೆಮಿಯಲ್ಲಿ ಹುಡುಗರನ್ನು ಬೆಳೆಸಿತು. ಬ್ರೆಂಡನ್ ಆರನ್‌ಸನ್, ಮಾರ್ಕ್ ಮೆಕೆಂಜಿ ಅಲ್ಲಿಂದಲೇ ಬಂದವರು. 2020ರಲ್ಲಿ ಲೀಗ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ತಂಡಕ್ಕೆ ಸಿಗುವ ಸಪೋರ್ಟರ್ಸ್ ಶೀಲ್ಡ್ ಯೂನಿಯನ್ ಪಾಲಾಯಿತು. ಅದು ಆ ಕ್ಲಬ್‌ನ ಮೊದಲ ಟ್ರೋಫಿ.