ಏಳು ಸಾವಿರ ನಕ್ಷತ್ರಗಳ ಕಾರು

1951ರ ಬ್ರಿಟನ್. ಯುದ್ಧ ಮುಗಿದು ಆರು ವರ್ಷವಾಗಿದ್ದರೂ ಮಾಂಸ, ಬೆಣ್ಣೆ, ಸಕ್ಕರೆ ಇನ್ನೂ ರೇಷನ್ನಿನಲ್ಲೇ ಸಿಗುತ್ತಿದ್ದವು. ಆ ವರ್ಷ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರು ಪ್ರದರ್ಶನಕ್ಕೆ ಡೈಮ್ಲರ್ ಕಂಪನಿ ಒಂದು ಕಪ್ಪು ಲಿಮೊಸಿನ್ ತಂದಿತು. ಅದರ ಮೈಮೇಲೆ ಸುಮಾರು 7,000 ಪುಟ್ಟ ಚಿನ್ನದ ನಕ್ಷತ್ರಗಳಿದ್ದವು. ಕ್ರೋಮ್ ಇರಬೇಕಾದ ಕಡೆಯೆಲ್ಲ ಚಿನ್ನದ ಲೇಪವಿತ್ತು. ಜನ ಮುಗಿಬಿದ್ದು ನೋಡಿದರು. ಹಸಿದವರ ಮುಂದೆ ಇದೆಂಥ ಮೆರೆದಾಟ ಎಂದು ಸಿಡುಕಿದವರೂ ಇದ್ದರು.

ಇದರ ಹಿಂದಿದ್ದವರು ಲೇಡಿ ನೋರಾ ಡಾಕರ್. ಅವರ ಪತಿ ಸರ್ ಬರ್ನಾರ್ಡ್ ಡಾಕರ್, ಡೈಮ್ಲರ್‌ನ ಒಡೆತನ ಹೊಂದಿದ್ದ ಬಿಎಸ್‌ಎ ಕಂಪನಿಯ ಅಧ್ಯಕ್ಷರು. ಡೈಮ್ಲರ್ ಎಂದರೆ ಮುದುಕರ, ಅರಮನೆಯವರ ಗಾಡಿ ಎಂಬ ಭಾವನೆ ಬೇರೂರಿದ್ದ ಕಾಲ ಅದು. ಅದಕ್ಕೆ ಮಿಂಚು ತರುವುದು ನೋರಾ ಅವರ ಹಂಬಲ. 1952ರಲ್ಲಿ ಬ್ಲೂ ಕ್ಲೋವರ್, 1953ರಲ್ಲಿ ಸಿಲ್ವರ್ ಫ್ಲಾಶ್, 1954ರಲ್ಲಿ ಸ್ಟಾರ್‌ಡಸ್ಟ್ ಎಂಬ ಕಾರುಗಳು ಬಂದವು. 1955ರ ಗೋಲ್ಡನ್ ಜೀಬ್ರಾದಲ್ಲಿ ಡ್ಯಾಶ್‌ಬೋರ್ಡಿಗೆ ದಂತ, ಸೀಟುಗಳಿಗೆ ಜೀಬ್ರಾ ಚರ್ಮ. ಮಿಂಕ್ ತುಪ್ಪಳದ ಮೇಲೆ ಕೂತರೆ ಸೆಕೆ ಎಂದು ನೋರಾ ಕಾರಣ ಕೊಟ್ಟರಂತೆ. ಆ ಚರ್ಮ, ಆ ದಂತವನ್ನು ಯಾವ ಕಲೆಯ ಹೆಸರಿನಲ್ಲೂ ನಾನು ಒಪ್ಪಲಾರೆ.

ಆದರೆ ಟೀಕೆಯ ಗದ್ದಲದಲ್ಲಿ ಒಬ್ಬರ ಹೆಸರು ಮುಚ್ಚಿಹೋಯಿತು: ಆಸ್ಮಂಡ್ ರಿವರ್ಸ್. ಈ ಕಾರುಗಳಿಗೆ ಮೈ ಕಟ್ಟಿದ ಹೂಪರ್ ಕಂಪನಿಯ ವಿನ್ಯಾಸಕಾರ. ಮುಂದಿನ ಮಡ್‌ಗಾರ್ಡಿನಿಂದ ಹೊರಟ ಗೆರೆ ಬಾಗಿಲನ್ನು ಸವರಿಕೊಂಡು ಹಿಂದಿನವರೆಗೆ ಒಂದೇ ಉಸಿರಿನಲ್ಲಿ ಇಳಿಯುತ್ತದೆ. ಹಿಂಚಕ್ರ ಮುಚ್ಚಳದೊಳಗೆ ಅಡಗುತ್ತದೆ. ಅಷ್ಟು ದೊಡ್ಡ ಗಾಡಿ ಹಗುರಾಗಿ ಕಾಣುವುದು ಆ ಗೆರೆಯಿಂದ. ಸ್ಟಾರ್‌ಡಸ್ಟ್ ಫೋಟೊ ಸಿಕ್ಕರೆ ನಕ್ಷತ್ರಗಳನ್ನು ಬಿಟ್ಟು ಆ ಗೆರೆಯನ್ನಷ್ಟೇ ನೋಡಿ. ಲೋಹದ ಹಾಳೆಯನ್ನು ಕೈಯಿಂದ ಬಡಿದು ಅದನ್ನು ಮೂಡಿಸಿದ ಕುಶಲಕರ್ಮಿಗಳ ಬಗ್ಗೆ ಪತ್ರಿಕೆಗಳಿಗೆ ಆಸಕ್ತಿಯಿರಲಿಲ್ಲ. ಅವಕ್ಕೆ ಬೇಕಿದ್ದದ್ದು ನೋರಾ ಅವರ ಉಡುಗೆ, ಒಡವೆ, ವಿಹಾರನೌಕೆ. ಒಂದು ಕಾಲಕ್ಕೆ ನೃತ್ಯಶಾಲೆಯಲ್ಲಿ ದುಡಿದಿದ್ದ ಹೆಣ್ಣು ಹೀಗೆ ಮೆರೆಯುವುದನ್ನು ಕುಲೀನರು ಸಹಿಸಲಿಲ್ಲ ಎಂಬುದೂ ನಿಜ. ಚಿನ್ನದ ಬಗ್ಗೆ ಆಡಿದ ಮಾತುಗಳಲ್ಲಿ ಎಷ್ಟೋ ಆಕೆಯ ಹುಟ್ಟನ್ನು ಕುರಿತಾಗಿದ್ದವು.

ಹಾಗೆಂದು ದೂರೆಲ್ಲ ಸುಳ್ಳಲ್ಲ. ಕಾರುಗಳು ಕಂಪನಿಯ ಹಣದಿಂದ ಆದವು, ಓಡಾಡಿದ್ದು ನೋರಾ. ಮಾರಾಟವಂತೂ ನಿರೀಕ್ಷೆಯಂತೆ ಏರಲಿಲ್ಲ. 1956ರಲ್ಲಿ ಬಿಎಸ್‌ಎ ನಿರ್ದೇಶಕರು ಸರ್ ಬರ್ನಾರ್ಡ್ ಅವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿದರು. 1959ರಲ್ಲಿ ಹೂಪರ್ ಗಾಡಿ ಕಟ್ಟುವುದನ್ನು ನಿಲ್ಲಿಸಿತು, ಮರುವರ್ಷ ಡೈಮ್ಲರ್ ಜಾಗ್ವಾರ್ ಪಾಲಾಯಿತು. ಚಾಸಿಸ್ ಮತ್ತು ಮೈ ಒಂದೇ ಅಚ್ಚಾಗಿ ಕಾರ್ಖಾನೆಯಿಂದ ಹೊರಬರತೊಡಗಿದ ಮೇಲೆ ಕೈಯಲ್ಲಿ ಕಟ್ಟುವವರಿಗೆ ಕೆಲಸವೇ ಉಳಿಯಲಿಲ್ಲ. ಡಾಕರ್ ದಂಪತಿ ಎಷ್ಟೇ ಮಿತವಾಗಿ ಬದುಕಿದ್ದರೂ ಅದು ತಪ್ಪುತ್ತಿರಲಿಲ್ಲ.