ಕಡಲಿಲ್ಲದ ಸೀಮೆಯ ಸಾಗರ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ನಲ್ಲೂರು ಅಡಿಕೆ ಸೀಮೆಯ ಊರಾಗಿದ್ದು, ಅಲ್ಲಿಂದ ಕಡಲನ್ನು ಕಾಣಬೇಕಾದರೆ ಮಲೆನಾಡನ್ನು ದಾಟಿ ಘಟ್ಟ ಇಳಿಯಬೇಕಾಗುವುದರಿಂದ, ಒಂದೇ ದಿನದಲ್ಲಿ ದೇವರನ್ನೂ ದೊಡ್ಡ ನೀರನ್ನೂ ನೋಡಿ ರಾತ್ರಿಯ ಊಟಕ್ಕೆ ಮನೆ ಸೇರಬೇಕೆನ್ನುವ ಕುಟುಂಬಗಳು ಸುತ್ತಲಿನ ಕೆರೆ, ಹೊಂಡ, ಹೊಳೆಗಳ ದಾರಿಯನ್ನೇ ಹಿಡಿಯುತ್ತವೆ. ಚಾಲಕನ ಸಮೇತ ಒಂದು ವಾಹನವನ್ನು ದಿನದ ಬಾಡಿಗೆಗೆ ಗೊತ್ತು ಮಾಡಿ, ಬುತ್ತಿ ಕಟ್ಟಿಕೊಂಡು, ದಾರಿಯುದ್ದಕ್ಕೂ ಸ್ಥಳದ ಕತೆ ಹೇಳಬಲ್ಲ ಒಬ್ಬ ಹಿರಿಯರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಡುವ ಈ ಪದ್ಧತಿಗೆ ಇಲ್ಲಿನ ಆಡುಮಾತಿನಲ್ಲಿ ‘ಗಾಡಿ ಮಾಡಿಕೊಂಡು ಹೋಗುವುದು’ ಎನ್ನುತ್ತಾರೆ. ಯಾವ ಇಲಾಖೆಯ ಪಟ್ಟಿಯಲ್ಲೂ ಇದು ಪ್ರವಾಸೋದ್ಯಮವೆಂದು ನಮೂದಾಗಿರಲಾರದು; ಆದರೆ ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ದಿನಗಳಲ್ಲಿ ಒಮ್ಮೆಯೂ ಹೀಗೆ ಹೊರಡದ ಮನೆ ಅಪರೂಪ.

ಇಂಥದೇ ಪದ್ಧತಿಯ ಸುಸಂಘಟಿತ ರೂಪವನ್ನು ಜಪಾನಿನಲ್ಲಿ ಕಾಣಬಹುದು. ಟೋಕಿಯೊದಿಂದ ಸುಮಾರು 50 ಕಿ.ಮೀ. ದೂರದ ಕಾಮಾಕುರ ಮತ್ತು ಅದರ ನೆರೆಯ ಎನೋಶಿಮಾ ದ್ವೀಪವನ್ನು ಖಾಸಗಿ ಮಾರ್ಗದರ್ಶಿಯೊಡನೆ ಒಂದೇ ದಿನದಲ್ಲಿ ನೋಡಿ ಬರುವ ಯಾತ್ರೆ ಅಲ್ಲಿ ಜನಪ್ರಿಯವಾಗಿದ್ದು, 1252ರಲ್ಲಿ ಎರಕ ಆರಂಭವಾಯಿತೆನ್ನಲಾದ, ಸುಮಾರು 11 ಮೀಟರು ಎತ್ತರದ ಕಂಚಿನ ಬುದ್ಧ ಆ ಯಾತ್ರೆಯ ಮುಖ್ಯ ಆಕರ್ಷಣೆಯಾಗಿದ್ದಾನೆ. ಆ ವಿಗ್ರಹವನ್ನು ಆವರಿಸಿದ್ದ ಭವನವು 15ನೆಯ ಶತಮಾನದಲ್ಲಿ ಕಡಲು ಉಕ್ಕಿ ಕೊಚ್ಚಿಹೋಯಿತೆಂದು ಹೇಳಲಾಗುತ್ತಿದ್ದು, ಬುದ್ಧ ಅಂದಿನಿಂದ ಮಳೆ ಬಿಸಿಲಿನಲ್ಲೇ ಕುಳಿತಿದ್ದಾನೆ. ಕನ್ನಡ ಓದುಗರಿಗೆ ಇದಕ್ಕಿಂತ ಹತ್ತಿರವಾಗಬಹುದಾದ ದೇವತೆ ಎನೋಶಿಮಾದಲ್ಲಿದ್ದಾಳೆ. ಬೆಂಜೈತೆನ್ ಎಂದು ಕರೆಯಲ್ಪಡುವ, ಬಿವಾ ಎಂಬ ತಂತಿವಾದ್ಯವನ್ನು ಹಿಡಿದ ಆಕೆ ಬೌದ್ಧ ಧರ್ಮದೊಡನೆ ಚೀನಾದ ಮೂಲಕ ಅಲ್ಲಿಗೆ ಹೋದ ನಮ್ಮ ಸರಸ್ವತಿಯೇ. ಸರಸ್ವತಿ ವೇದಕಾಲದಲ್ಲಿ ಮೊದಲು ನದಿಯಾಗಿದ್ದವಳು; ನಮ್ಮಲ್ಲಿ ಆಕೆ ನೀರನ್ನು ಬಿಟ್ಟು ಪುಸ್ತಕ, ವೀಣೆಗಳ ಜೊತೆಗಷ್ಟೇ ಉಳಿದರೆ, ಜಪಾನಿಗರು ಇಂದಿಗೂ ಆಕೆಯ ಗುಡಿಯನ್ನು ದ್ವೀಪದಲ್ಲೋ ಕೊಳದ ನಡುವೆಯೋ ಕಟ್ಟುವುದನ್ನು ಮರೆತಿಲ್ಲ. ನೀರಿನ ಜೊತೆ ಒಂದು ಹೆಣ್ಣಿನ ಹೆಸರನ್ನು ಉಳಿಸಿಕೊಳ್ಳುವ ವಿಚಾರದಲ್ಲಿ ಚನ್ನಗಿರಿ ಸೀಮೆಯೂ ಹಿಂದೆ ಬಿದ್ದಿಲ್ಲವೆಂಬುದಕ್ಕೆ ಸೂಳೆಕೆರೆಯೇ ಸಾಕ್ಷಿ.

ನಲ್ಲೂರಿನ ಯಾತ್ರೆಯನ್ನು ಯಾವ ಕಡೆಯಿಂದಲೂ ಆರಂಭಿಸಬಹುದಾದರೂ, ದಿನದ ಉತ್ತರಾರ್ಧದಲ್ಲಿ ನೀರಿನ ಹರಿವಿಗೆ ಎದುರಾಗಿ ಸಾಗುವ ಕ್ರಮವೇ ಹೆಚ್ಚು ಅರ್ಥಪೂರ್ಣವೆನಿಸುತ್ತದೆ. ಈ ಕ್ರಮದಲ್ಲಿ ಬೆಳಗಿನ ಮೊದಲ ನಿಲುಗಡೆ ನ್ಯಾಮತಿ ತಾಲ್ಲೂಕಿನ ಬೆಳಗುತ್ತಿಯ ಬಳಿಯ ತೀರ್ಥರಾಮೇಶ್ವರ. ಗುಡ್ಡದ ಮಡಿಲಲ್ಲಿ ಬೇಸಿಗೆಯಲ್ಲೂ ಬತ್ತದೆ ಬೀಳುವ ಒರತೆಯ ನೀರು, ಅದನ್ನು ರಾಮನ ಬಾಣಕ್ಕೆ ಜೋಡಿಸುವ ಸ್ಥಳಪುರಾಣ, ಇಷ್ಟೇ ಅಲ್ಲಿನ ಸಂಪತ್ತು. ಅಲ್ಲಿಂದ ತುಂಗಭದ್ರೆಯ ದಡದ ಹೊನ್ನಾಳಿಗೆ ಬಂದು, ಎರಡನೆಯ ಮಂತ್ರಾಲಯವೆಂದು ಭಕ್ತರು ಕರೆಯುವ ರಾಘವೇಂದ್ರಸ್ವಾಮಿ ಮಠವನ್ನೂ ಹಿರೇಕಲ್ಮಠವನ್ನೂ ನೋಡಿ, ಹೊಳೆಯ ಜೊತೆಜೊತೆಗೇ ಹರಿಹರಕ್ಕೆ ಹೋಗಲಾಗುತ್ತದೆ.

ಹರಿಹರದ ಹಳೆಯ ಹೆಸರು ಕೂಡಲೂರು. ಕೂಡಲು ಎಂದರೆ ಎರಡು ಹೊಳೆಗಳು ಕೂಡುವ ಸ್ಥಳ, ಮತ್ತು ಇಲ್ಲಿ ತುಂಗಭದ್ರೆಯನ್ನು ಕೂಡುವುದು ಹರಿದ್ರಾ ಎಂಬ ಸಣ್ಣ ಹೊಳೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ, ಒಂದೇ ಮೂರ್ತಿಯ ಬಲಭಾಗ ಶಿವನಾಗಿಯೂ ಎಡಭಾಗ ವಿಷ್ಣುವಾಗಿಯೂ ನಿಂತಿದೆ. ಕಡೆದು ನುಣುಪುಗೊಳಿಸಿದ ಕಂಬಗಳ ತೆರೆದ ಮಂಟಪದಲ್ಲಿ ಬಿಸಿಲು ಏರಿದ ಮೇಲೂ ಕಲ್ಲು ತಣ್ಣಗಿರುವುದರಿಂದ ಬುತ್ತಿ ಬಿಚ್ಚುವ ಮುನ್ನ ವಯಸ್ಸಾದವರು ಅಲ್ಲಿ ಬೆನ್ನು ಚಾಚುವುದುಂಟು. ಹರಿಯನ್ನೂ ಹರನನ್ನೂ ಒಂದೇ ಕಲ್ಲಿನಲ್ಲಿ ಕೂಡಿಸಿದ ಊರು ಎರಡು ಹೊಳೆಗಳು ಕೂಡುವ ಊರೂ ಹೌದೆಂಬುದನ್ನು ಮಾರ್ಗದರ್ಶಿಗಳು ಸಾಮಾನ್ಯವಾಗಿ ಹೇಳದೆ ಬಿಡುತ್ತಾರೆ. ಹರಿದ್ರೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿಟ್ಟುಕೊಂಡರೆ, ದಿನದ ಉಳಿದರ್ಧ ಅದರ ಉತ್ತರದ ಕಡೆಗೇ ಸಾಗುತ್ತದೆ.

ಮಧ್ಯಾಹ್ನದ ನಿಲುಗಡೆಯಾದ ಸಂತೇಬೆನ್ನೂರು ಒಂದು ಕಾಲಕ್ಕೆ, ಮುಂದೆ ತರೀಕೆರೆಗೆ ಸರಿದ ಪಾಳೆಯಗಾರರ ನೆಲೆಯಾಗಿತ್ತು. ಆ ವಂಶದ ಕೆಂಗ ಹನುಮಪ್ಪ ನಾಯಕನು 16ನೆಯ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿ, ಎಂದರೆ ಮೆಟ್ಟಿಲುಗಳಿಂದ ಸುತ್ತುವರಿದ ದೇವರ ಕೊಳ, ನಾಲ್ಕೂ ಕಡೆಯಿಂದ ಕಲ್ಲಿನ ಸೋಪಾನಗಳಾಗಿ ನೀರಿಗೆ ಇಳಿಯುತ್ತದೆ. ಕೊಳದ ನಡುವೆ ಕಮಾನುಗಳ ಮೇಲೆ ಕಮಾನೇರಿ ಮೊನೆಗೊಳ್ಳುವ ವಸಂತಮಂಟಪವಿದ್ದು, ಅದನ್ನು ತಲುಪಲು ಸೇತುವೆಯಿಲ್ಲ; ನೋಡುವವರು ದಡದಲ್ಲೇ ನಿಲ್ಲಬೇಕು. ದಡದ ಸಣ್ಣ ಮಂಟಪಗಳಲ್ಲಿ ಕೆಲವು ಅಳಿದಿವೆ. ಊರನ್ನು ಗೆದ್ದ ಬಿಜಾಪುರದ ಸೇನಾನಿ ರಣದುಲ್ಲಾಖಾನನು 17ನೆಯ ಶತಮಾನದಲ್ಲಿ ಕಟ್ಟಿಸಿದ ಮುಸಾಫಿರಖಾನೆ, ಎಂದರೆ ದಾರಿಹೋಕರ ತಂಗುದಾಣ, ಕೊಳದ ಒಂದು ಮಗ್ಗುಲಿಗೆ ನಿಂತಿದೆ. ಗೆದ್ದವರು ಮತ್ತು ಸೋತವರ ಕಟ್ಟಡಗಳೆರಡೂ ಒಂದೇ ನೀರಿನಲ್ಲಿ ಬಿಂಬ ಬಿಡುವ ಈ ದೃಶ್ಯವನ್ನು ಮೊಬೈಲಿನಲ್ಲಿ ಸೆರೆಹಿಡಿಯುವವರು ಹಲವರಾದರೂ, ಮೆಟ್ಟಿಲಿನ ಕಡೆಗೆ ಕಣ್ಣು ಹಾಯಿಸುವವರು ಕಡಿಮೆ. ಗಾರೆ ಕಾಣದಂತೆ ಕೂಡಿಸಿದ ಕಲ್ಲುಗಳ ಅಂಚಿನಲ್ಲಿ ನೀರಿನ ಮಟ್ಟ ಏರಿಳಿದ ಗೆರೆಗಳು ಒಂದರ ಕೆಳಗೊಂದು ಉಳಿದಿದ್ದು, ಯಾವ ವರ್ಷ ಮಳೆ ಕೈಕೊಟ್ಟಿತೆಂಬುದನ್ನು ಬಲ್ಲವರು ಅಲ್ಲಿ ಓದಬಹುದು.

ಸಂಜೆಗೆ ಉಳಿಸಿಕೊಳ್ಳಬೇಕಾದದ್ದು ಸೂಳೆಕೆರೆ. ಹಿರೇಕೋಗಲೂರಿನ ಕಡೆಯಿಂದ ಏರಿಗೆ ಬಂದವರ ಎದುರು ಆಚೆ ದಡ ಮಸುಕಾಗುವಷ್ಟು ನೀರು ಒಮ್ಮೆಲೇ ತೆರೆದುಕೊಳ್ಳುವುದರಿಂದ, ಕಡಲನ್ನೇ ಕಾಣದ ಮಕ್ಕಳು ಇದನ್ನೇ ಕಡಲೆಂದು ಭಾವಿಸುವುದು ಸಹಜ. ಸುಮಾರು 6,550 ಎಕರೆ ಹರವು, ಸುಮಾರು 30 ಕಿ.ಮೀ. ಸುತ್ತಳತೆ ಇರುವ ಈ ಕೆರೆ ಏಷ್ಯಾದಲ್ಲೇ ಎರಡನೆಯ ದೊಡ್ಡದೆಂಬ ಮಾತು ಈ ಸೀಮೆಯಲ್ಲಿ ಎಲ್ಲರ ನಾಲಗೆಯ ಮೇಲಿದೆ. ಆ ಲೆಕ್ಕಾಚಾರಕ್ಕಿಂತ ಬೆರಗಿನದು ಇದನ್ನು ಕಟ್ಟಿದ ಉಪಾಯ. ಹರಿದ್ರೆಯು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ನುಸುಳುವ ಇಕ್ಕಟ್ಟಾದ ಸ್ಥಳವನ್ನು ಹುಡುಕಿ, ಅಲ್ಲಿ ಮಾತ್ರ ಏರಿಯನ್ನು, ಎಂದರೆ ನೀರನ್ನು ತಡೆಯುವ ಮಣ್ಣು ಕಲ್ಲುಗಳ ದಂಡೆಯನ್ನು, ಹಾಕಲಾಗಿದೆ. ಹೀಗಾಗಿ ಇಷ್ಟು ನೀರಿಗೆ ಹೋಲಿಸಿದರೆ ಏರಿ ಅಚ್ಚರಿಯಾಗುವಷ್ಟು ಗಿಡ್ಡ. ಉಳಿದ ದಡವನ್ನೆಲ್ಲ ಗುಡ್ಡಗಳೇ ಕಟ್ಟಿಕೊಟ್ಟಿವೆ. ಸಿದ್ಧ ಮತ್ತು ಬಸವ ಎಂಬ ಎರಡು ನಾಲೆಗಳು ಇಲ್ಲಿಂದ ಗದ್ದೆ ತೋಟಗಳಿಗೆ ಹೊರಡುತ್ತವೆ.

ಹಳೆಯ ಕೆರೆಗಳಲ್ಲಿ ನೀರು ಬಿಡುವ ಬಾಗಿಲಿಗೆ ತೂಬು ಎಂದು ಹೆಸರು. ನೀರೊಳಗೆ ಎರಡು ಕಲ್ಲುಕಂಬಗಳನ್ನು ನಿಲ್ಲಿಸಿ, ಅವುಗಳ ನಡುವಿನ ಅಡ್ಡಗಲ್ಲುಗಳಲ್ಲಿ ಕೊರೆದ ತೂತುಗಳ ಮೂಲಕ ಉದ್ದನೆಯ ಗಳುವೊಂದನ್ನು ತಳದ ಕಿಂಡಿಗೆ ಬೆಣೆಯಂತೆ ಇಳಿಸುತ್ತಿದ್ದರು. ಗಳುವನ್ನು ಗೇಣು ಮೇಲೆತ್ತಿದರೆ ಗೇಣಿನಷ್ಟು ನೀರು. ಅದನ್ನು ಎತ್ತುವ ಹಕ್ಕು ಮತ್ತು ಹೊಣೆ ಹೊತ್ತವನು ನೀರಗಂಟಿ, ಎಂದರೆ ಯಾವ ಗದ್ದೆಗೆ ಯಾವಾಗ ಎಷ್ಟು ನೀರೆಂಬುದನ್ನು ತೀರ್ಮಾನಿಸಿ ಹಂಚುವ ಊರ ಕೆಲಸಗಾರ. ಕೆರೆ ತುಂಬಿದಾಗ ಹೆಚ್ಚಾದ ನೀರು ತಾನಾಗಿ ಹರಿದುಹೋಗುವ ಅಂಚಿಗೆ ಕೋಡಿ ಎನ್ನುತ್ತಾರೆ, ಮತ್ತು ಕೆರೆಯಿಂದ ನೀರುಣ್ಣುವ ಭೂಮಿ ಅಚ್ಚುಕಟ್ಟು. ‘ಕೋಡಿ ಬಿತ್ತು’ ಎಂಬ ಎರಡು ಪದಗಳು ಒಂದು ಊರಿನ ಇಡೀ ವರ್ಷದ ಸುಖವನ್ನು ಹೇಳುತ್ತಿದ್ದವೆಂಬುದನ್ನು ಇಂದಿನ ಪ್ರವಾಸಿಗೆ ಯಾರಾದರೂ ಬಿಡಿಸಿ ಹೇಳಬೇಕು.

ಕೆರೆಯ ಹೆಸರಿನ ಕತೆ ಹೀಗಿದೆ. ಶಾಂತವ್ವ ಎಂಬ ಅರಸುಮಗಳು ಕೆರೆ ಕಟ್ಟಿಸಲು ಮುಂದಾದಾಗ, ಮುಳುಗಬೇಕಾಗಿದ್ದ ಜಾಗ ಸೂಳೆಯರ ಕೇರಿಯದಾಗಿದ್ದು, ಅವರು ಹೊನ್ನು ಕೇಳದೆ ಕೆರೆಗೆ ತಮ್ಮ ಹೆಸರಿಡಬೇಕೆಂಬ ಒಂದೇ ಷರತ್ತಿನ ಮೇಲೆ ಮನೆಮಾರು ಬಿಟ್ಟುಕೊಟ್ಟರೆಂದು ಜನಪದರು ಹೇಳುತ್ತಾರೆ. ಕೆರೆ 11 ಅಥವಾ 12ನೆಯ ಶತಮಾನದ್ದೆಂಬುದು ರೂಢಿಯ ಮಾತು. ಸೂಳೆ ಎಂಬ ಪದ ಇಂದು ಬೈಗುಳವಾಗಿದ್ದರೂ, ಅಂದಿನ ಕನ್ನಡ ಶಾಸನಗಳಲ್ಲಿ ಸೂಳೆಯರು ದೇವಾಲಯದ ಸೇವೆಗೆ ನಿಯುಕ್ತರಾದ, ದತ್ತಿ ಪಡೆದ, ತಾವೇ ದಾನವನ್ನೂ ಕೊಟ್ಟ ಹೆಂಗಸರಾಗಿ ಕಾಣಿಸಿಕೊಳ್ಳುತ್ತಾರೆ. ಮುಂದೆ ಸಭ್ಯತೆಯ ಕಾರಣಕ್ಕೆ ಶಾಂತಿಸಾಗರವೆಂಬ ಹೆಸರು ಬಳಕೆಗೆ ಬಂದು, ಕಟ್ಟಿಸಿದವಳ ನೆನಪು ಅದರಲ್ಲಿ ಉಳಿದರೂ ಜಾಗ ಕೊಟ್ಟವರ ಹೆಸರು ಫಲಕದಿಂದ ಜಾರಿತು. ಆ ಹೆಂಗಸರು ಕೇಳಿದ ಬೆಲೆ ಹೆಸರೊಂದೇ ಆಗಿದ್ದುದರಿಂದ, ಹೆಸರನ್ನು ಮಡಿ ಮಾಡುವುದೆಂದರೆ ಕೊಟ್ಟ ಮಾತನ್ನು ಮುರಿದಂತೆಯೇ ಎಂದು ವಾದಿಸಬಹುದು. ಅದೃಷ್ಟವಶಾತ್ ರೈತರ ಬಾಯಲ್ಲಿ ಅದು ಇನ್ನೂ ಸೂಳೆಕೆರೆಯೇ.

ಕೆರೆಯ ಕಷ್ಟಗಳು ಹಳೆಯವು: ಹೂಳು, ಒತ್ತುವರಿ, ಕುಡಿಯುವ ನೀರಿನ ಬೇಡಿಕೆ. ಚಿತ್ರದುರ್ಗದಂಥ ದೂರದ ನಗರವೂ ಈ ನೀರನ್ನು ಕುಡಿಯುತ್ತದೆ. ದಾವಣಗೆರೆ ಜಿಲ್ಲೆಯ ಇನ್ನೊಂದು ಅಂಚಿನ ಜಗಳೂರಿನಲ್ಲಿ ತುಂಗಭದ್ರೆಯನ್ನು ಪಂಪಿನಿಂದೆತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆ ಹಾಕಿಕೊಳ್ಳಬೇಕಾಗಿ ಬಂದುದನ್ನು ನೆನೆದರೆ, ಹಳ್ಳವೊಂದನ್ನು ಇಕ್ಕಟ್ಟಿನಲ್ಲಿ ಹಿಡಿದು ನಿಲ್ಲಿಸಿದವರ ಜಾಣ್ಮೆ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ಇದನ್ನೆಲ್ಲ ಹೇಳುವವರು ಇಲ್ಲದಿರುವುದೇ ಇಲ್ಲಿನ ಕೊರತೆ. ಜಪಾನ್ 1949ರಲ್ಲೇ ಕಾನೂನು ಮಾಡಿ, ಇತಿಹಾಸ ಭೂಗೋಳಗಳನ್ನೂ ಒಳಗೊಂಡ ಪರೀಕ್ಷೆಯಲ್ಲಿ ಗೆದ್ದವರಿಗಷ್ಟೇ ವಿದೇಶಿ ಪ್ರವಾಸಿಗರ ಮಾರ್ಗದರ್ಶಿಯ ಪರವಾನಗಿ ಕೊಟ್ಟಿತು. 2018ರಲ್ಲಿ ನಿಯಮ ಸಡಿಲಾಗಿ ಪರವಾನಗಿಯಿಲ್ಲದವರೂ ಹಣ ಪಡೆದು ಜನರನ್ನು ಸುತ್ತಾಡಿಸುವಂತಾಯಿತು. ಚನ್ನಗಿರಿ ಸೀಮೆಯಲ್ಲಿ ಪರೀಕ್ಷೆಯೂ ಇಲ್ಲ, ಪರವಾನಗಿಯೂ ಇಲ್ಲ. ಚಾಲಕನಿಗೆ ಗೊತ್ತಿರುವಷ್ಟು ಮತ್ತು ಮುಂದಿನ ಸೀಟಿನ ಹಿರಿಯರಿಗೆ ನೆನಪಿರುವಷ್ಟು ಮಾತ್ರ. ನೀರಗಂಟಿಕೆ ಮಾಡಿದ ಮನೆತನಗಳವರು ಒಂದು ಮಧ್ಯಾಹ್ನ ಏರಿಯ ಮೇಲೆ ನಿಂತು ತೂಬಿನ ಲೆಕ್ಕ ಹೇಳಿದರೆ ಅದಕ್ಕಿಂತ ದೊಡ್ಡ ಪಾಠ ಬೇಕಾಗದು. ಆದರೆ ಅವರನ್ನು ಕರೆತರುವ ಏರ್ಪಾಡು ಯಾರದ್ದೂ ಅಲ್ಲ. ಮುಂದಿನ ಸೀಟಿನಲ್ಲೂ ಈಗೀಗ ಹಿರಿಯರ ಬದಲು ದಾರಿ ಹೇಳುವ ಮೊಬೈಲು ಕುಳಿತಿರುತ್ತದೆ. ಅದು ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ ಎನ್ನುವುದೇ ಹೊರತು ಹರಿದ್ರೆಯ ಹೆಸರೆತ್ತುವುದಿಲ್ಲ.

ಕತ್ತಲಾಗುವ ಹೊತ್ತಿಗೆ ಏರಿಯ ಮೇಲಿನ ಮಂಡಕ್ಕಿ ಪೊಟ್ಟಣಗಳು ಖಾಲಿಯಾಗಿ, ಚಾಲಕನು ಹಾರನ್ ಒತ್ತಿ, ನಲ್ಲೂರಿಗೆ ಹೊರಟ ಗಾಡಿಯ ದೀಪ ನೀರಿನ ಮೇಲೆ ಒಮ್ಮೆ ಹಾಯ್ದು ಹೋಗುತ್ತದೆ. ಕೆರೆಯ ಕೆಳಗೆ ಹರಿದ್ರೆ ಮಾತ್ರ, ಬೆಳಿಗ್ಗೆ ಅವರೆಲ್ಲ ಕೈಮುಗಿದು ಬಂದ ಕೂಡಲೂರಿನ ದಾರಿ ಹಿಡಿದು ಹರಿಯುತ್ತಿರುತ್ತದೆ.