ಶುಗರ್ ಇದ್ದವರ ಕೆಮ್ಮು: ಕಷಾಯ ಕೊಟ್ಟು ಸುಮ್ಮನಾಗಬೇಡಿ

ಅತ್ತೆಗೆ ಹತ್ತು ವರ್ಷದಿಂದ ಶುಗರ್. ಈಚೆಗೆ ಕುಪ್ಪಸ ಸಡಿಲಾಗಿದೆ, ಮೂರು ವಾರದಿಂದ ಕೆಮ್ಮು ಬೇರೆ. ಕೇಳಿದರೆ, 'ಸಕ್ಕರಿ ಬ್ಯಾನಿ ಇದ್ದವ್ರು ಸೊರಗೋದ ಐತಿ, ಬಿಡವಾ' ಅಂತಾರೆ. ನೀವೂ ಶುಂಠಿ, ಮೆಣಸು ಕುದಿಸಿ ಕಷಾಯ ಕೊಟ್ಟು ಸುಮ್ಮನಾಗುತ್ತೀರಿ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಯಾವ ಓಣಿಯಲ್ಲಾದರೂ ಕೇಳಬಹುದಾದ ಮಾತಿದು. ಆದರೆ ಈ ಸೊರಗುವಿಕೆಯ ಹಿಂದೆ ಕ್ಷಯವೂ ಇರಬಹುದು ಅಂತ ನಿಮಗೆ ಎಂದಾದರೂ ಅನಿಸಿದೆಯೇ?

ಕ್ಷಯ, ಅಂದರೆ ಟಿ.ಬಿ.ಯ ರೋಗಾಣು ನಮ್ಮಲ್ಲಿ ಎಷ್ಟೋ ಜನರ ಮೈಯಲ್ಲಿ ಸುಮ್ಮನೆ ಮಲಗಿರುತ್ತದೆ. ದೇಹದ ರೋಗನಿರೋಧಕ ಶಕ್ತಿ ಅದನ್ನು ಏಳಲು ಬಿಡುವುದಿಲ್ಲ. ರಕ್ತದಲ್ಲಿ ಸಕ್ಕರೆ ಸದಾ ಏರಿಯೇ ಇದ್ದರೆ ಈ ಕಾವಲು ಸಡಿಲವಾಗುತ್ತದೆ. ಹೀಗಾಗಿ ಸಕ್ಕರೆ ಕಾಯಿಲೆ ಇದ್ದವರಿಗೆ ಟಿ.ಬಿ. ಬರುವ ಸಂಭವ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಹಾಗೆಯೇ ಟಿ.ಬಿ. ಬಂದಾಗ ಸಕ್ಕರೆಯೂ ಏರುತ್ತದೆ. 2012ರಲ್ಲಿ ದೇಶದ ಹಲವು ಆಸ್ಪತ್ರೆಗಳಲ್ಲಿ 8,269 ಕ್ಷಯ ರೋಗಿಗಳನ್ನು ಪರೀಕ್ಷಿಸಿದಾಗ ನೂರರಲ್ಲಿ 13 ಜನರಿಗೆ ಸಕ್ಕರೆ ಕಾಯಿಲೆ ಇತ್ತು.

ತೂಕ ಇಳಿಯುವುದು, ಸುಸ್ತು ಎರಡೂ ಕಾಯಿಲೆಗಳಲ್ಲಿ ಇರುವುದರಿಂದಲೇ ನಾವು ಮೋಸ ಹೋಗುತ್ತೇವೆ. ಜತೆಗೆ ಕೆಮ್ಮು, ಸಂಜೆ ಸಣ್ಣ ಜ್ವರ, ರಾತ್ರಿ ಬೆವರು ಕಂಡರೆ ಕಫ ಪರೀಕ್ಷೆ ಮಾಡಿಸಿಬಿಡಿ. ಸಾಮಾನ್ಯವಾಗಿ ಎರಡು ವಾರದ ಕೆಮ್ಮು ಅಂತ ಲೆಕ್ಕ. ಶುಗರ್ ಇದ್ದವರು ಅಷ್ಟೂ ಕಾಯುವುದು ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಪುಕ್ಕಟೆ. ಡಬ್ಬಿಯಲ್ಲಿ ಕೊಡಬೇಕಾದದ್ದು ಬಾಯಿಯ ಎಂಜಲಲ್ಲ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ. ಬಯಲಲ್ಲಿ ನಿಂತು ತೆಗೆಯಿರಿ.

ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಇಲ್ಲಿ ಒಂದು ವಿಷಯ ಚೆನ್ನಾಗಿ ನೆನಪಿಡಿ. ಟಿ.ಬಿ. ಗುಳಿಗೆಯಲ್ಲಿರುವ ರಿಫಾಂಪಿಸಿನ್ ಎಂಬ ಔಷಧಿ ಕೆಲವು ಶುಗರ್ ಗುಳಿಗೆಗಳ ಬಲ ಕುಗ್ಗಿಸುತ್ತದೆ. ಮೊದಲಿನಷ್ಟೇ ಗುಳಿಗೆ ನುಂಗಿದರೂ ಸಕ್ಕರೆ ಏರಬಹುದು. ಶುಗರ್ ಡಾಕ್ಟರಿಗೆ ಟಿ.ಬಿ. ಚೀಟಿ, ಟಿ.ಬಿ. ಡಾಕ್ಟರಿಗೆ ಶುಗರ್ ಚೀಟಿ ತಪ್ಪದೆ ತೋರಿಸಿ. ಇನ್ಸುಲಿನ್ ಬರೆದರೆ ಗಾಬರಿ ಬೇಡ, ಅದು ಜೀವನಪೂರ್ತಿ ಆಗಬೇಕೆಂದೇನಿಲ್ಲ. ಆರು ತಿಂಗಳು ಮುಗಿದ ಮೇಲೂ ಸಕ್ಕರೆ ನೋಡಿಸಿ. ಹೆಚ್ಚಿಸಿದ್ದ ಡೋಸ್ ಹಾಗೇ ಉಳಿದರೆ ಸಕ್ಕರೆ ಪೂರಾ ಇಳಿದು ತಲೆ ಸುತ್ತೀತು. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಗುಳಿಗೆಯ ಬಣ್ಣ. ಪಾದ ಜುಮ್ಮೆಂದರೆ, ಕಣ್ಣು ಮಂಜಾದರೆ ಮಾತ್ರ 'ಶುಗರಿನದೇ' ಎಂದು ತಳ್ಳಿಹಾಕದೆ ಡಾಕ್ಟರಿಗೆ ಹೇಳಿ. ಟಿ.ಬಿ. ಔಷಧಿಯಿಂದಲೂ ಹೀಗಾಗುತ್ತದೆ.

ಅಡುಗೆಮನೆಯ ತಲೆನೋವೇ ಬೇರೆ. 'ಟಿ.ಬಿ.ಗೆ ತುಪ್ಪ, ಬಾಳೆಹಣ್ಣು ತಿನ್ನಿಸು' ಅಂತ ನೆರೆಯವರು, 'ಶುಗರಿಗೆ ಬಾಯಿ ಕಟ್ಟು' ಅಂತ ಮನೆಯವರು! ಉಪವಾಸ ಖಂಡಿತ ಬೇಡ. ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಬೇಳೆ, ಸೊಪ್ಪು, ಶೇಂಗಾ ಚಟ್ನಿ, ಮೊಸರು, ತಿನ್ನುವವರಿಗೆ ಮೊಟ್ಟೆ. ಇವು ಎರಡಕ್ಕೂ ಒಗ್ಗುತ್ತವೆ. ರೊಟ್ಟಿ, ಅನ್ನದ ಅಳತೆ ಮಾತ್ರ ಡಾಕ್ಟರನ್ನು ಕೇಳಿ. ಚಹಾದ ಜತೆಗಿನ ಸವಣೂರು ಖಾರಕ್ಕೆ ಸ್ವಲ್ಪ ದಿನ ರಜೆ ಕೊಡಿ. ಪೌಷ್ಟಿಕ ಆಹಾರಕ್ಕಾಗಿ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ರೋಗಿಯ ಬ್ಯಾಂಕ್ ಖಾತೆಗೇ ಬರುವ ಈ ಹಣ ಮನೆಯ ಎಣ್ಣೆ-ಬೇಳೆಯಲ್ಲಿ ಕರಗದಿರಲಿ.

ಇನ್ನು ನಿಮ್ಮ ವಿಷಯ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು ನೀವು, ಕೆಮ್ಮು ಬಂದರೆ ಸೆರಗಿನಲ್ಲಿ ಮುಚ್ಚಿಕೊಳ್ಳುವವರೂ ನೀವೇ. 'ಮಗಳ ಮದುವೆ ಮಾತುಕತೆ ನಡೆದೈತಿ, ಊರಾಗ ಗೊತ್ತಾದ್ರ?' ಎಂಬ ಅಂಜಿಕೆಯಿಂದ ಔಷಧಿ ಮುಂದೂಡಿದರೆ ಅದೇ ಮಗಳಿಗೆ ರೋಗ ಹಬ್ಬೀತು. ತಟ್ಟೆ ಲೋಟ ಬೇರೆ ಇಡಬೇಕಿಲ್ಲ, ಟಿ.ಬಿ. ಗಾಳಿಯಿಂದ ಹರಡುತ್ತದೆ. ಕಿಟಕಿ ತೆರೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಇರಲಿ. ಮನೆಮಂದಿಯೆಲ್ಲ, ಮುಖ್ಯವಾಗಿ ಮಕ್ಕಳು, ತಪಾಸಣೆ ಮಾಡಿಸಿಕೊಳ್ಳಲಿ. ಟಿ.ಬಿ. ಎಂದು ಗೊತ್ತಾದವರು ಶುಗರ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ ಓಣಿಯ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ, ಇಲ್ಲವೇ 1800-11-6666ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ.